ಇನ್ನೂರ ಹನ್ನೆರಡು ಮಾತು

ನಮ್ಮ ಊರಿನಲ್ಲಿ ಮನೆಯೊಳಗೆ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಗಿರಣಿಯಲ್ಲಿ ಹಿಟ್ಟು ಕೂತ ಹಾಗೆ ತೊಲೆಯ ಮೇಲೆ, ಒಲೆಯ ಹಿಂದೆ, ಮಂಚದ ಕೆಳಗೆ ಕೂತಿರುತ್ತದೆ. ಸೋಮವಾರ ಗಂಡ ಹೆಂಡತಿ ಜಗಳವಾಡಿದರೆ ಗುರುವಾರ ಉಪ್ಪಿನ ಡಬ್ಬಿ ಎತ್ತುವಾಗ ಅದರ ಅಡಿಯಿಂದ ‘ನಿಮ್ಮಪ್ಪನ ಮನೆಯಿಂದ ಏನು ಹೊತ್ತುಕೊಂಡು ಬಂದೆ’ ಎಂಬುದು ಮೆಲ್ಲಗೆ ಎದ್ದು ಬರುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆ ಬೈದ ಒಂದು ಬೈಗುಳ ದೀಪದ ಗೂಡಿಗೆ ಹೊಕ್ಕಿತ್ತು. ಅತ್ತೆ ಸತ್ತು ಹನ್ನೊಂದು ವರ್ಷವಾದ ಮೇಲೂ ನಾನು ಎಣ್ಣೆ ಹಾಕಲು ಹೋದಾಗಲೆಲ್ಲ ಬೈಯುತ್ತಿತ್ತು. ಎಷ್ಟು ಗುಡಿಸಿದರೂ ಹೋಗಲಿಲ್ಲ. ಅಂಥ ಗಟ್ಟಿ ಹೆಂಗಸು.

ಹೀಗೇ ಬಿಟ್ಟರೆ ಮನೆಯಲ್ಲಿ ಮನುಷ್ಯರಿಗೆ ಜಾಗ ಉಳಿಯುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಅಡಕ ಕಚೇರಿಯವರು ಕೊಳವೆ ತಂದು, ನಮ್ಮತ್ತೆಯ ಬೈಗುಳದಂಥ ಗಟ್ಟಿಯವನ್ನು ಬಿಟ್ಟು, ಮೂಲೆ ಮೂಲೆಯ ಮಾತನ್ನೆಲ್ಲ ಎಳೆದುಕೊಳ್ಳುತ್ತಾರೆ. ಕಂಪ್ಯೂಟರು ಅದನ್ನು ಒಬ್ಬೊಬ್ಬರದು ಬೇರೆ ಮಾಡಿ ಒತ್ತುತ್ತದೆ. ಒಬ್ಬ ಗಂಡಸು ಹೆಂಡತಿಯನ್ನು ‘ಏನೇ’ ಎಂದು ಸಾವಿರ ಸಲ ಕರೆದಿದ್ದರೆ ಅದು ಸಾವಿರ ಸಲ ಬರೆಯುವುದಿಲ್ಲ. ಒಂದು ಸಲ ಬರೆದು ಪಕ್ಕದಲ್ಲಿ ಸಾವಿರ ಎಂದು ಗುರುತು ಹಾಕಿಕೊಳ್ಳುತ್ತದೆ. ಹೀಗೆ ಒತ್ತಿ ಒತ್ತಿ ಒಂದು ವರ್ಷದ ಸಂಸಾರವನ್ನು ನಶ್ಯದ ಡಬ್ಬಿಯಷ್ಟು ಮಾಡಿ ಕೈಗೆ ಕೊಡುತ್ತದೆ. ಕಚೇರಿಯವರು ಅದನ್ನು ಫೈಲು ಎನ್ನುತ್ತಾರೆ, ನಾವು ಪೊಟ್ಟಣ ಎನ್ನುತ್ತೇವೆ. ಒಳಗೆ ಎಷ್ಟು ಮಾತಿದೆ ಎಂದು ಮೇಲೆ ಚೀಟಿ ಅಂಟಿಸಿರುತ್ತಾರೆ. ಅಟ್ಟದ ಮೇಲೆ ಇಟ್ಟುಕೊಂಡು, ಬೇಕಾದಾಗ ಕಚೇರಿಯ ಬಿಚ್ಚುಮನೆಗೆ ಒಯ್ದು ಕೇಳಬಹುದು.

ನನ್ನ ಗಂಡ ಸಾಣೆ ಹಿಡಿಯುತ್ತಿದ್ದರು. ಹೆಸರು ನಾನು ಹೇಳುವ ಹಾಗಿಲ್ಲ, ಊರಿನವರು ಸಾಣೆಯಪ್ಪ ಎನ್ನುತ್ತಿದ್ದರು. ‘ಚಾಕು ಸಾಣೆ, ಕತ್ತರಿ ಸಾಣೆ’ ಎಂದು ಅವರು ಮನೆಯೊಳಗೇ ಕೂಗಿ ಗಂಟಲು ಸರಿಮಾಡಿಕೊಂಡರೆ ಬೀದಿಯ ಕೊನೆಯ ನಾಯಿ ಎದ್ದು ಬೇರೆ ಊರಿಗೆ ಹೊರಟುಹೋಗುತ್ತಿತ್ತು. ನಿದ್ದೆಯಲ್ಲಿ ಮಾತು, ಊಟದಲ್ಲಿ ಮಾತು, ಮಾತಾಡಲು ಯಾರೂ ಸಿಗದಿದ್ದರೆ ಸಾಣೆಕಲ್ಲಿನ ಜೊತೆ ಮಾತು. ನಾನು ಮೂರು ದಿನಕ್ಕೆಂದು ತಂಗಿಯ ಮನೆಗೆ ಹೋಗಿದ್ದೆ. ಹಿಂತಿರುಗಿ ಬಂದಾಗ ಅವರು ಚಕ್ರದ ಮುಂದೆ, ಕಾಲು ಅದನ್ನು ತಿರುಗಿಸುವ ಮೆಟ್ಟಿನ ಮೇಲೆ ಇಟ್ಟುಕೊಂಡು ಕೂತಹಾಗೇ ಹೋಗಿಬಿಟ್ಟಿದ್ದರು. ನಾನು ಹೊಸಿಲು ದಾಟಿದ ಮೇಲೆಯೇ ಚಕ್ರ ನಿಂತದ್ದು. ನೀವು ನಂಬದಿದ್ದರೆ ಬೇಡ.

ಹದಿಮೂರನೆಯ ದಿನ ಕಚೇರಿಯವರು ಬಂದು ಅವರ ಕೊನೆಯ ವರ್ಷದ ಮಾತನ್ನು ಒತ್ತಿ ಕೊಟ್ಟರು. ಮೇಲಿನ ಚೀಟಿಯನ್ನು ಓದಿಸಿದೆ. ಇನ್ನೂರ ಹನ್ನೆರಡು.

ಇನ್ನೂರ ಹನ್ನೆರಡು ಮಾತನ್ನು ಅವರು ಮುಖ ತೊಳೆದು ಟವೆಲ್ಲು ಹುಡುಕುವಷ್ಟರಲ್ಲಿ ಆಡುತ್ತಿದ್ದರು. ಆಗಲೇ ನಾನು ಅನುಮಾನ ಪಡಬೇಕಿತ್ತು. ಆದರೆ ಅಚ್ಚಾದ ಅಂಕಿಯ ಎದುರು ಎರಡನೇ ಕ್ಲಾಸು ಓದಿದವಳ ಅನುಮಾನ ಎಷ್ಟು ಹೊತ್ತು ನಿಲ್ಲುತ್ತದೆ? ನನಗೆ ಬೇರೆಯೇ ಹೊಳೆಯಿತು. ಮಾತನ್ನೆಲ್ಲ ಬೀದಿಯಲ್ಲಿ ಖರ್ಚು ಮಾಡಿ, ನನಗೆ ಎಂದು ವರ್ಷಕ್ಕೆ ಇನ್ನೂರ ಹನ್ನೆರಡು ಉಳಿಸಿ ತಂದಿದ್ದಾನೆ ಈ ಗಂಡಸು ಎಂದುಕೊಂಡೆ. ಪೊಟ್ಟಣವನ್ನು ಬಿಚ್ಚಲಿಲ್ಲ. ಸತ್ತವರ ಮೇಲೆ ಮೂರು ವರ್ಷ ಮುನಿಸಿಕೊಂಡು ಕೂತಿದ್ದೆ. ಅವರ ಚಕ್ರದ ಮೇಲೆ ಬೇಕೆಂದೇ ಒದ್ದೆ ಬಟ್ಟೆ ಒಣಗಿಸುತ್ತಿದ್ದೆ.

ಮೂರು ವರ್ಷಕ್ಕೆ ನನ್ನ ಮುನಿಸೇ ಸವೆಯಿತು. ಒಂದು ಬುಧವಾರ ಬೆಳಿಗ್ಗೆ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಬಿಚ್ಚುಮನೆಗೆ ಹೊರಟೆ. ಪಕ್ಕದ ಮನೆಯ ಜವರಮ್ಮನೂ ತನ್ನ ತಾಯಿಯ ಪೊಟ್ಟಣ ಹಿಡಿದು ಜೊತೆಗೆ ಬಂದಳು. ಜವರಮ್ಮ ರವಿಕೆ ಹೊಲಿಯುವವಳು. ನನ್ನ ಅಡುಗೆಮನೆಗೂ ಅವಳ ಹೊಲಿಗೆ ಮಿಷನ್ನಿಗೂ ನಡುವೆ ಒಂದೇ ಗೋಡೆ. ಅವಳ ಬಾಯಲ್ಲಿ ಮಾತು ಹುಟ್ಟುವುದಕ್ಕಿಂತ ಕೋಳಿಗೆ ಹಲ್ಲು ಹುಟ್ಟುವುದು ಸುಲಭ. ದಾರಿಯುದ್ದಕ್ಕೂ ಅವಳನ್ನು ಕೆಣಕಿದೆ.

“ಏನ್ ಜವರಿ, ದಾರ ಕಚ್ಕೊಂಡೋಳು ಇಪ್ಪತ್ತೊರ್ಷಾದ್ರೂ ಬಾಯ್ ಬುಟ್ಟಿಲ್ವಲ್ಲ. ನಿನ್ ಪೊಟ್ಣದ್ ಮ್ಯಾಲೆ ಸೊನ್ನೆ ಅಂತ ಬರ್ದಿರ್ತಾರಾ?”

“ಊಂ,” ಎಂದಳು ಜವರಮ್ಮ. ಅಷ್ಟೇ.

ಬಿಚ್ಚುಮನೆ ಎಂದರೆ ಉದ್ದನೆಯ ಹಜಾರ. ನೆಲದಲ್ಲಿ ಉದ್ದುದ್ದ ಸಂದು ಕೊರೆದು ಮರದ ಹಲಗೆಗಳನ್ನು ನಿಲ್ಲಿಸಿದ್ದಾರೆ. ಚೀಟಿಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಸರಿಯಾಗಿ ಹಲಗೆ ಸರಿಸಿ ಒಬ್ಬೊಬ್ಬರಿಗೆ ಒಂದೊಂದು ಗೂಡು ಮಾಡಿಕೊಡುತ್ತಾರೆ. ಜಾಗ ಸರಿಯಿದ್ದರೆ ಮಾತು ಗೂಡಿನೊಳಗೆ ಸುತ್ತಾಡಿ, ಕೇಳಿಸಿ, ತಿರುಗಿ ಪೊಟ್ಟಣ ಸೇರುತ್ತದೆ. ಜಾಗ ಸಾಲದಿದ್ದರೆ ಹಲಗೆ ದಾಟಿ ಪಕ್ಕದ ಗೂಡಿನಲ್ಲಿ ಯಾರಿದ್ದಾರೋ ಅವರ ಬಾಯೊಳಗೆ ಕೂರುತ್ತದೆ, ಅಲ್ಲಿ ಮೊದಲಿದ್ದುದನ್ನು ಅಳಿಸಿಹಾಕುತ್ತದೆ ಎಂದು ನಮ್ಮ ಕಾಲದವರು ಹೇಳಿ ಹೆದರಿಸುತ್ತಿದ್ದರು. ಹಾಗಾದದ್ದನ್ನು ಕಂಡವರು ಯಾರೂ ಇರಲಿಲ್ಲ. ಅಂಕಿ ತಪ್ಪಿದರೆ ತಾನೆ?

ಕಂಪ್ಯೂಟರಿನ ಮುಂದೆ ಪದ್ಮಾಕ್ಷಮ್ಮ ಕೂತಿದ್ದಳು. ಒತ್ತುವ ಪ್ರೋಗ್ರಾಮು, ಬಿಚ್ಚುವ ಪ್ರೋಗ್ರಾಮು ಎರಡನ್ನೂ ಬರೆದವಳು ಅವಳೇ. ನಲವತ್ತೈದರ ಹೆಂಗಸು, ಕನ್ನಡಕದ ಕಾಲಿಗೆ ದಾರ ಕಟ್ಟಿಕೊಂಡು ಕುತ್ತಿಗೆಗೆ ನೇತುಹಾಕಿಕೊಂಡಿರುತ್ತಾಳೆ. ಚೀಟಿ ನೋಡಿ, “ಅಜ್ಜಿ, ಇನ್ನೂರ ಹನ್ನೆರಡು. ಐದನೇ ಗೂಡು,” ಎಂದಳು.

“ಗೂಡಲ್ಲ ಕಣವ್ವ, ಕೋಳಿ ಪಂಜ್ರ. ನನ್ ಸೊಂಟ ಒಳಿಕ್ಕೋದ್ರೆ ಅವ್ರ ಮಾತ್ಗೆ ಜಾಗ ಎಲ್ಲದೆ?”

“ನಿಮ್ಮ ಸೊಂಟದ ಲೆಕ್ಕ ಬೇರೆ ಅಜ್ಜಿ,” ಎಂದು ಅವಳು ನಕ್ಕಳು.

ಐದರಲ್ಲಿ ನಾನು ಕೂತೆ, ಆರರಲ್ಲಿ ಜವರಮ್ಮ. ಪೊಟ್ಟಣ ಬಿಚ್ಚಿತು. ‘ಏನೇ, ಕಲ್ಲಿಗೆ ನೀರಿಲ್ಲ. ನನ್ನ ಹಳೇ ಪಂಚೆ ಎಲ್ಲೇ? ಬೆಕ್ಕು ಮತ್ತೆ ಗಬ್ಬ ಆಗದೆ ಕಣೇ.’ ಅದೇ ಗಂಟಲು, ಅದೇ ಕೆಮ್ಮು. ಮೂರು ವರ್ಷ ಬಿಗಿಹಿಡಿದಿದ್ದ ನನ್ನ ಎದೆ ಬೆಣ್ಣೆಯ ಹಾಗೆ ಕರಗಿತು. ಕಣ್ಣು ಮುಚ್ಚಿಕೊಂಡು ಕೇಳಿದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಇನ್ನೂರ ಹನ್ನೆರಡು ಮುಗಿಯಿತು ಎಂದುಕೊಂಡು ಮೂಗು ಒರೆಸಿಕೊಂಡೆ. ಆದರೆ ಸದ್ದು ನಿಂತಿರಲಿಲ್ಲ, ಜರುಗಿತ್ತು. ಹಲಗೆಗೆ ಕಿವಿ ಕೊಟ್ಟರೆ ಮರದೊಳಗೆ ಇರುವೆ ಸಾಲು ಹರಿದ ಹಾಗೆ ಸರಸರ ಎನ್ನುತ್ತಿತ್ತು. ಆಚೆ ಜವರಮ್ಮನ ತಾಯಿ ಹಾಡುತ್ತಿದ್ದ ಜೋಗುಳ ನಡುವೆ ಕತ್ತರಿಸಿದ ಹಾಗೆ ನಿಂತುಹೋಯಿತು.

ಜವರಮ್ಮ ಹೊರಗೆ ಬಂದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. “ಏನಾಯ್ತು ಜವರಮ್ಮ?” ಎಂದು ಪದ್ಮಾಕ್ಷಮ್ಮ ಕೇಳಿದಳು. ಜವರಮ್ಮ ಸೆರಗು ತೆಗೆದಳು. ನನ್ನ ಗಂಡ ಅವಳ ಬಾಯೊಳಗಿಂದ, “ಚಾಕು ಸಾಣೆ, ಕತ್ತರಿ ಸಾಣೆ,” ಎಂದರು.

ಹಜಾರದಲ್ಲಿದ್ದವರೆಲ್ಲ ನಕ್ಕರು. ಸುಳ್ಳೇಕೆ, ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಮನೆಗೆ ಬಂದ ಮೇಲೆ ನಗು ನಿಂತಿತು. ಜವರಮ್ಮನಿಗೆ ಬಾಯಿ ಮುಚ್ಚಲು ಆಗುತ್ತಿರಲಿಲ್ಲ. ಬೆಳಗಾದರೆ ನಮ್ಮವರ ಮಾತು ಅವಳ ಬಾಯಿಂದ ಹೊರಡುತ್ತಿತ್ತು, ಅವರು ಆಡಿದ್ದ ಕ್ರಮದಲ್ಲೇ, ಒಂದು ದಿನದ ಹಿಂದೆ ಇನ್ನೊಂದು ದಿನ. ಅವರ ಹತ್ತು ದಿನದ ಮಾತು ಅವಳಿಗೆ ಒಂದು ದಿನಕ್ಕೆ ಮುಗಿಯುತ್ತಿತ್ತು, ಕೆಲವು ದಿನ ಐನೂರು, ಕೆಲವು ದಿನ ಐದು ಸಾವಿರ. ಅವಳದು ಎಂಬ ಒಂದು ಮಾತೂ ಇರಲಿಲ್ಲ. ಕೈ ಮಾತ್ರ ಅವಳದಾಗಿತ್ತು. ಗಂಡಸಿನ ಗಂಟಲಲ್ಲಿ ಕೆಮ್ಮುತ್ತ, ನಮ್ಮತ್ತೆಯನ್ನು ನೆನೆಯುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಕೂತಿದ್ದರೂ ಕೈ ತನ್ನ ಪಾಡಿಗೆ ರವಿಕೆಗೆ ಕೊಕ್ಕೆ ಹಚ್ಚುತ್ತಿತ್ತು.

ಅವಳ ಮಗಳು ಮಾದೇವಿಯನ್ನು ಮೂರನೇ ಬೀದಿಗೆ ಕೊಟ್ಟಿದ್ದಾರೆ. ಅವಳು ದಿನಾ ಓಡಿ ಬರುತ್ತಿದ್ದಳು. ತಾಯಿಯ ಮುಂದೆ ಕೂತು, “ಅವ್ವಾ, ನಾನು. ನನ್ ಹೆಸ್ರೇಳವ್ವ ಒಂದ್ಸಲ,” ಎನ್ನುವಳು. ಜವರಮ್ಮ ಬಾಯಿ ತೆರೆಯುವಳು. “ಏನೇ, ಸಾರಿಗೆ ಉಪ್ಪಾಕಿಲ್ವ?” ಎಂದು ಬರುವುದು. ಮಾದೇವಿ ಗೋಡೆಗೆ ಮುಖ ಮಾಡಿ ಕೂರುವಳು.

ನಾನೂ ದಿನಾ ಹೋಗುತ್ತಿದ್ದೆ. ಜವರಮ್ಮನಿಗೆ ಧೈರ್ಯ ಹೇಳಲು ಎಂದು ಊರಿಗೆ ಹೇಳುತ್ತಿದ್ದೆ. ಹೋಗುತ್ತಿದ್ದದ್ದು ಗಂಡನ ಮಾತು ಕೇಳಲು. ಮಿಷನ್ನಿನ ಪಕ್ಕ ಮಣೆ ಹಾಕಿಕೊಂಡು, ಅವಳ ಮುಖ ನೋಡದೆ, ಅವರು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ. “ಬಿಸ್ನೀರು ಕಾದದೆ, ಬನ್ನಿ,” ಎನ್ನುತ್ತಿದ್ದೆ. “ಬೆಕ್ಕಿಗೆ ಹಾಲಾಕ್ದೆ,” ಎನ್ನುತ್ತಿದ್ದೆ. ನಾನು ನೀರಿಗೆ ಹೋದಾಗ, ಸೊಪ್ಪು ತರಲು ಹೋದಾಗ ಅವರು ಸಾಣೆಕಲ್ಲಿಗೆ ಹೇಳಿದ್ದೂ ಅದರಲ್ಲಿತ್ತು. “ಎದೇಲಿ ಚಾಕು ಮಸ್ದಂಗಾಯ್ತದೆ ಕಣಯ್ಯ. ಅವ್ಳಿಗೆ ಹೇಳ್ಬ್ಯಾಡ. ಊಟ ಬುಟ್ಬುಡ್ತಾಳೆ.” ಕಲ್ಲಿಗೆ ಹೇಳಿದ್ದರು. ಕಲ್ಲು ಹೇಳಿರಲಿಲ್ಲ. ನಾನು ಅದರ ಮೇಲೆ ಮೂರು ವರ್ಷ ಒದ್ದೆ ಬಟ್ಟೆ ಹಾಕಿದ್ದೆ.

ಪದ್ಮಾಕ್ಷಮ್ಮ ಮೊದಲ ವಾರ ನಂಬಲೇ ಇಲ್ಲ. ಪ್ರೋಗ್ರಾಮು ಸರಿಯಿದೆ, ಯಾರೋ ಹಲಗೆ ತಪ್ಪಾಗಿ ಸರಿಸಿದ್ದಾರೆ ಎಂದಳು. ಆಮೇಲೆ ಒಂದು ದಿನ ಬೆಳಿಗ್ಗೆ ಬಂದು ಜವರಮ್ಮನ ಹೊಸಿಲ ಮೇಲೆ ಕೂತು ಒಂದೊಂದು ಮಾತಿಗೂ ಒಂದೊಂದು ಗೀಟು ಎಳೆದಳು. ಮಧ್ಯಾಹ್ನಕ್ಕೇ ಎರಡು ಸಾವಿರ ದಾಟಿತು. ಪೆನ್ಸಿಲು ಕೆಳಗಿಟ್ಟು, “ಒಂದು ಸುತ್ತು ಬಂದುಬಿಟ್ಟಿದೆ,” ಎಂದಳು. ಮುಖ ಸುಣ್ಣದ ಹಾಗಾಗಿತ್ತು.

ನನ್ನ ಅಡುಗೆಮನೆಗೆ ಕರೆದುಕೊಂಡು ಬಂದು ಮಜ್ಜಿಗೆ ಕೊಟ್ಟೆ. ನಾನು ಸೇರಿನಲ್ಲಿ ರಾಗಿ ಅಳೆದು ಡಬ್ಬಿಗೆ ಸುರಿಯುತ್ತಿದ್ದೆ. ಅವಳು ಬಿಡಿಸಿ ಹೇಳಿದಳು. ಮಾತು ಎಣಿಸಲು ಕಂಪ್ಯೂಟರಿನೊಳಗೆ ಒಂದು ಪುಟ್ಟ ಡಬ್ಬಿಯಿದೆಯಂತೆ. ಅದು ಅರವತ್ತೈದು ಸಾವಿರದ ಐನೂರ ಮೂವತ್ತೈದರವರೆಗೆ ಹಿಡಿಯುತ್ತದಂತೆ. ಆ ಅಂಕಿ ನನಗೆ ಈಗ ನನ್ನ ಹೆಸರಿನಷ್ಟೇ ಚೆನ್ನಾಗಿ ಬಾಯಿಗೆ ಬರುತ್ತದೆ.

“ಅದ್ರ ಮೇಲೆ ಇನ್ನೊಂದಾಕುದ್ರೆ? ಚೆಲ್ತದಾ?”

“ಚೆಲ್ಲಿದ್ರೆ ಗೊತ್ತಾಗ್ತಿತ್ತಲ್ಲ ಅಜ್ಜಿ. ಚೆಲ್ಲಲ್ಲ. ಖಾಲಿ ಆಗ್ಬಿಡುತ್ತೆ. ಏನೂ ಆಗೇ ಇಲ್ಲ ಅನ್ನೋ ಹಾಗೆ ಸೊನ್ನೆಯಿಂದ ಮತ್ತೆ ಶುರು. ನಿಮ್ಮ ಯಜಮಾನರು ಅರವತ್ತೈದು ಸಾವಿರದ ಏಳುನೂರ ನಲವತ್ತೆಂಟು ಮಾತಾಡಿದ್ದಾರೆ. ಡಬ್ಬಿ ಒಂದು ಸುತ್ತು ಬಂದು ಇನ್ನೂರ ಹನ್ನೆರಡಕ್ಕೆ ನಿಂತಿದೆ. ಗೂಡಲ್ಲಿ ಅಷ್ಟೇ ಹಿಡೀತು. ಮಿಕ್ಕ ಅರವತ್ತೈದು ಸಾವಿರದ ಐನೂರ ಮೂವತ್ತಾರೂ ಜವರಮ್ಮನ ಬಾಯಿಗೆ.”

“ಒಂದೇ ಸುತ್ತಾ? ನಮ್ಮೋರಿಗೆ ಅವ್ಮಾನ ಮಾಡ್ಬ್ಯಾಡ. ಹತ್ಸುತ್ತಾದ್ರೂ ಇದ್ದಾತು.”

ಅವಳು ನಗಲಿಲ್ಲ. “ನಾನು ಕಾವಲು ಹಾಕಿದ್ದೆ ಅಜ್ಜಿ. ಪ್ರತಿ ಸಲ ಕೂಡಿದ ಮೇಲೂ, ಮೊತ್ತ ಮಿತಿ ಮೀರಿತಾ ನೋಡು, ಮೀರಿದ್ರೆ ನಿಲ್ಲು ಅಂತ ಬರೆದಿದ್ದೆ.”

“ಮೀರೋದೇ ಇಲ್ವಲ್ಲವ್ವ ಅದು. ಮೀರೋ ಹೊತ್ಗೆ ಸೊನ್ನೆ ಆಗ್ಬುಟ್ಟಿರ್ತದೆ. ನಿನ್ ಕಾವಲ್ನೋನು ಬಗ್ ನೋಡ್ತಾನೆ, ತಳದಲ್ಲಿ ನಾಕ್ ಕಾಳು. ಎಲ್ಲಾ ಸರ್ಯಾಗದೆ ಅಂತ ಹೋಗಿ ಮಲೀಕತಾನೆ.” ನಾನು ಸೇರನ್ನು ಅವಳ ಮುಂದೆ ಹಿಡಿದೆ. “ನಮ್ಮತ್ತೆ ಇದ್ದಿದ್ರೆ ನಿನ್ ಕೈಗೆ ಇದ್ನ ಕೊಡ್ತಿರ್ನಿಲ್ಲ. ಸುರ್ದ ಮ್ಯಾಲೆ ನೋಡ್ತಾರಾ ಯಾರಾದ್ರೂ? ಸುರಿಯೋಕ್ ಮುಂಚೆ ಡಬ್ಬೀಲಿ ಇನ್ನೆಷ್ಟು ಜಾಗ ಉಳ್ದದೆ ಅಂತ ನೋಡು. ಕೈಲಿರೋದು ಅದ್ಕಿಂತ ಜಾಸ್ತಿ ಅಂದ್ರೆ ಸುರೀಲೇಬ್ಯಾಡ. ಬ್ಯಾರೆ ಡಬ್ಬಿ ತಕ್ಕೊ.”

ಪದ್ಮಾಕ್ಷಮ್ಮ ಮಜ್ಜಿಗೆ ಲೋಟ ಕೆಳಗಿಟ್ಟಳು. “ಕೂಡಿ ನೋಡೋದಲ್ಲ,” ಎಂದಳು, ತನಗೆ ತಾನೇ. “ಮೊದಲು ಕಳೆದು ನೋಡೋದು.” ಮಜ್ಜಿಗೆ ಕುಡಿಯದೆ ಎದ್ದು ಹೋದಳು. ಎರಡು ಪ್ರೋಗ್ರಾಮನ್ನೂ ತಿದ್ದಿದಳು. ಒತ್ತುವುದಕ್ಕೆ ಮುಂಚೆ ಉಳಿದ ಜಾಗ ನೋಡುವುದು, ಸಾಲದಿದ್ದರೆ ನಿಲ್ಲುವುದು. ಬಿಚ್ಚುವಾಗಲೂ ಚೀಟಿಯನ್ನು ನಂಬದೆ ಒಂದೊಂದನ್ನೂ ಎಣಿಸುತ್ತ, ಗೂಡು ತುಂಬುವ ಮುಂಚೆ ನಿಲ್ಲಿಸುವುದು.

ಅಷ್ಟರಲ್ಲಿ ಊರಿಗೆ ಸುದ್ದಿ ಹಬ್ಬಿತ್ತು. ದೊಡ್ಡ ಅಂಕಿಯ ಪೊಟ್ಟಣಕ್ಕೆ ಯಾರೂ ಹೆದರಲಿಲ್ಲ, ಸಣ್ಣ ಅಂಕಿಯವಕ್ಕೆ ಹೆದರಿದರು. ಸುಣ್ಣದ ಅಂಗಡಿ ದುಂಡಪ್ಪನ ಅತ್ತೆಯ ಪೊಟ್ಟಣದ ಮೇಲೆ ಒಂಬತ್ತು ಎಂದಿತ್ತು. ಆ ಹೆಂಗಸು ಒಂಬತ್ತು ಮಾತಿಗೆ ಉಸಿರನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ದುಂಡಪ್ಪ ಅದನ್ನು ಹಗ್ಗದಿಂದ ಬಿಗಿದು, ಮೇಲೆ ರುಬ್ಬುಗುಂಡು ಹೇರಿ, ಹೆಂಡತಿ ಮಕ್ಕಳೊಂದಿಗೆ ಜಗಲಿಯ ಮೇಲೆ ಮಲಗತೊಡಗಿದ. ಬೀದಿಯಲ್ಲಿ ಜನ ಅಟ್ಟ ನೋಡುತ್ತ ಪಿಸುಗುಟ್ಟುತ್ತಿದ್ದರು. ಹಗಲು ಹನ್ನೆರಡು ಗಂಟೆಗೆ ಊರು ಎಷ್ಟು ಸುಮ್ಮನಿರುತ್ತಿತ್ತು ಎಂದರೆ ಮೂರನೇ ಬೀದಿಯಲ್ಲಿ ಸಾಸಿವೆ ಸಿಡಿದರೆ ನಮ್ಮ ಬೀದಿಯಲ್ಲಿ ಕೇಳಿಸುತ್ತಿತ್ತು. ಆ ಮೌನದಲ್ಲಿ ಒಂದೇ ಗಂಟಲು ಏಳುತ್ತಿತ್ತು, ಸತ್ತು ಮೂರು ವರ್ಷವಾದ ನನ್ನ ಗಂಡನದು.

ಜವರಮ್ಮನನ್ನು ಸರಿಮಾಡುವ ದಾರಿ ಒಂದೇ ಇತ್ತು. ಅವಳ ಮನೆಯ ಮೂಲೆಗಳಲ್ಲಿ ಈ ವರ್ಷ ಅವಳು ಆಡಿದ್ದು ಇನ್ನೂ ಕೂತಿತ್ತು. ಅದನ್ನು ಒತ್ತಿ, ಬಿಚ್ಚುಮನೆಯಲ್ಲಿ ಬೇಕೆಂದೇ ಜಾಗವಿಲ್ಲದ ಗೂಡಿನಲ್ಲಿ ಬಿಚ್ಚಿದರೆ ಅವು ಹಲಗೆ ದಾಟಿ ಅವಳ ಬಾಯಿಗೆ ಹೋಗಿ ಕೂರುತ್ತವೆ. ನಮ್ಮವರ ಮಾತು ಅಳಿಸಿಹೋಗುತ್ತದೆ. ಆದರೆ ನಮ್ಮವರ ಕೊನೆಯ ಮಾತನ್ನು ಅವಳು ಆಡಿ ಮುಗಿಸುವುದರೊಳಗೆ ಇದು ಆಗಬೇಕು. ಮುಗಿದರೆ ಆ ಬಾಯಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಬಾಯಿಗೆ ಅನ್ನ ಹಿಡಿಯುತ್ತದೆ, ಮಾತು ಹಿಡಿಯುವುದಿಲ್ಲ.

“ಎಲ್ಲಿಗೆ ಬಂದಿದ್ದಾರೆ ಅಜ್ಜಿ ಯಜಮಾನರು?” ಎಂದು ಪದ್ಮಾಕ್ಷಮ್ಮ ದಿನಾ ಸಂಜೆ ಕೇಳುತ್ತಿದ್ದಳು. ಅವರ ವರ್ಷದ ಲೆಕ್ಕ ಗೊತ್ತಿದ್ದವಳು ನಾನೊಬ್ಬಳೇ. ಬೆಕ್ಕು ಮರಿ ಹಾಕಿದ್ದು, ಹಂಚು ಸೋರಿದ್ದು, ಉಪ್ಪಿನಕಾಯಿ ಹಾಕಿದ್ದು. “ಇನ್ನೂ ಹಂಚು ಸೋರ್ತಾ ಅದೆ ಕಣವ್ವ. ನಿಧಾನಕ್ ಮಾಡು, ತಪ್ಪಾಗ್ದಂಗೆ ಮಾಡು,” ಎನ್ನುತ್ತಿದ್ದೆ.

ಅದು ಸುಳ್ಳು. ಹಂಚು ಸೋರಿ, ಉಪ್ಪಿನಕಾಯಿ ಹಾಕಿ ಮುಗಿದಿತ್ತು. ಒಂದು ದಿನ ಬೆಳಿಗ್ಗೆ ಜವರಮ್ಮನ ಬಾಯಿಂದ, “ತಂಗಿ ಮನೇಲಿ ಮೂರೇ ದಿನ ಕಣೇ. ನಾಕ್ನೇ ದಿನಕ್ಕೆ ನಾನೇ ಬಂದು ಎಳ್ಕೊಂಡೋಯ್ತಿನಿ,” ಎಂದು ಬಂದಿತ್ತು. ಆ ಮೂರು ದಿನ ನಾನು ಮನೆಯಲ್ಲಿರಲಿಲ್ಲ. ಆ ಮೂರು ದಿನ ಅವರು ಏನು ಹೇಳಿದರು, ಯಾರಿಗೆ ಹೇಳಿದರು, ಕಟ್ಟಕಡೆಗೆ ಏನೆಂದರು, ಅಷ್ಟು ಕೇಳಿಬಿಡಬೇಕು ಎಂದಿತ್ತು ನನಗೆ. ಜವರಮ್ಮ ಹೇಗೂ ಮಾತಾಡದವಳು, ಬಾಯಿ ಮುಚ್ಚಿಹೋದರೆ ಅವಳಿಗೆ ಏನು ನಷ್ಟ ಎಂದೂ ಒಂದು ಸಲ ಅಂದುಕೊಂಡೆ. ಅಂದುಕೊಂಡದ್ದನ್ನು ಮುಚ್ಚಿಡುವುದಿಲ್ಲ. ನಾನಿಲ್ಲದ ಆ ದಿನಗಳಲ್ಲಿ ಅವರು ಎಷ್ಟು ಮಾತಾಡಿದ್ದರೆಂದರೆ ಜವರಮ್ಮನಿಗೂ ಒಂದೊಂದಕ್ಕೆ ಒಂದೊಂದು ದಿನವೇ ಹಿಡಿಯಿತು. ಮೊದಲನೇ ದಿನ ಕೇಳಿದೆ, ಎರಡನೇ ದಿನ ಕೇಳಿದೆ. ಬೆಕ್ಕಿನ ಹತ್ತಿರ ನನ್ನ ದೂರು ಹೇಳುತ್ತಿದ್ದರು.

ಮೂರನೇ ದಿನ ಬೆಳಿಗ್ಗೆ ಪದ್ಮಾಕ್ಷಮ್ಮ ಕೊಳವೆ ಕಂಪ್ಯೂಟರುಗಳನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದಳು. “ಮಾತು ಒತ್ತಿ ಇಟ್ಟುಕೊಂಡಿರ್ತೀನಿ. ಬಿಚ್ಚೋದು ನೀವು ಹೇಳಿದ ದಿನ,” ಎಂದಳು. ಕೊಳವೆಯನ್ನು ಮೊದಲು ಇಟ್ಟದ್ದು ಮಿಷನ್ನಿನ ಹಿಂದೆ, ನನ್ನ ಅಡುಗೆಮನೆಗೆ ಅಂಟಿದ ಗೋಡೆಗೆ. “ಮೂಗಿ ಮನೆ. ಕಾಲ್ಗಂಟೆ ಕೆಲ್ಸ,” ಎಂದೆ ನಾನು.

ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಕೊಳವೆ ಎಳೆಯುತ್ತಲೇ ಇತ್ತು. ಗೋಡೆಯಿಂದ ಬಿಡಿಸಿಕೊಂಡು ಬರುವಾಗ ಮಾತು ತೆಳ್ಳಗೆ ಕೇಳಿಸುತ್ತದೆ. ಮಾದೇವಿಯ ಹೆಸರು ಬಂತು, ಸತ್ತ ತಾಯಿಯ ಹೆಸರು ಬಂತು, ಸೂಜಿಯೊಂದಿಗೆ ಮಾತು, ಬಟ್ಟೆಯೊಂದಿಗೆ ಮಾತು. ಅವುಗಳ ನಡುವೆ ಮತ್ತೆ ಮತ್ತೆ ಒಂದು ಬರುತ್ತಿತ್ತು. “ಚಿಕ್ಕತಾಯಕ್ಕ, ಉಂಡ್ಯಾ?” ಸ್ವಲ್ಪ ಹೊತ್ತಿಗೆ ಮತ್ತೆ, “ಉಂಡ್ಯಾ ಅಕ್ಕ? ಇವತ್ತು ಒಗ್ಗರಣೆ ವಾಸ್ನೇನೆ ಬರ್ನಿಲ್ಲ.” ಮತ್ತೆ, “ಅಕ್ಕ, ನಿನ್ನೆ ಕೆಮ್ತಿದ್ದೆ. ಕಷಾಯ ಕುಡುದ್ಯಾ?”

ಚಿಕ್ಕತಾಯಿ ಎಂದರೆ ನಾನು. ದಿನಾ ಮಧ್ಯಾಹ್ನ ಅವಳು ಗೋಡೆಗೆ ಬಾಯಿ ಇಟ್ಟು, ನನಗೆ ಕೇಳದಷ್ಟು ಮೆಲ್ಲಗೆ, ನಾನು ಉಂಡೆನೋ ಇಲ್ಲವೋ ಎಂದು ವಿಚಾರಿಸಿದ್ದಳು. ಜೋರಾಗಿ ಕೇಳಿದರೆ ನಾನು ಅಣಕಿಸುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಕಂಪ್ಯೂಟರು ನಿಂತಿತು. ಪದ್ಮಾಕ್ಷಮ್ಮ ಕನ್ನಡಕ ಏರಿಸಿ ನೋಡಿ, “ಜಾಗ ಇಲ್ಲ ಅಂತಿದೆ,” ಎಂದಳು. “ಅರವತ್ತೈದು ಸಾವಿರದ ಐನೂರ ಮೂವತ್ತೈದು ಆಯ್ತು. ಗೋಡೆಯಲ್ಲಿ ಇನ್ನೂ ಇದೆ. ಅಜ್ಜಿ, ಮೊದಲಿನ ಪ್ರೋಗ್ರಾಮೇ ಆಗಿದ್ರೆ ಇದು ಒಂದು ಸುತ್ತು ಬಂದು ಹತ್ತೋ ಇಪ್ಪತ್ತೋ ಅಂತ ಚೀಟಿ ಕೊಡ್ತಿತ್ತು. ನಾನು ನಂಬಿ ಬಿಚ್ತಿದ್ದೆ. ಇವರ ಬಾಯಿ ತುಂಬಿ ಮಿಕ್ಕಿದ್ದು ಆಚೆ ಪಕ್ಕ ಕೂತೋರ ಬಾಯಿಗೆ ಹೋಗ್ತಿತ್ತು.”

ಆಚೆ ಪಕ್ಕ ಕೂರಬೇಕೆಂದು ಗೊತ್ತು ಮಾಡಿದ್ದು ನನ್ನನ್ನೇ. ಮಾದೇವಿ ಹೆದರಿಕೊಂಡಿದ್ದರಿಂದ ಜವರಮ್ಮನ ಕೈ ಹಿಡಿದುಕೊಳ್ಳಲು ನಾನು ಒಪ್ಪಿಕೊಂಡಿದ್ದೆ.

ಜವರಮ್ಮ ಕಿಟಕಿಯ ಬಳಿ ಕೂತು ನನ್ನ ಹರಿದ ರವಿಕೆಯನ್ನೇ ಹೊಲಿಯುತ್ತಿದ್ದಳು. ಅವಳ ಬಾಯೊಳಗೆ ನನ್ನ ಗಂಡ ಬೆಕ್ಕಿಗೆ ಹೇಳುತ್ತಿದ್ದರು, “ಇವತ್ತು ಬತ್ತಾಳೆ. ಬರೋ ಹೊತ್ಗೆ ಈ ಕತ್ತರಿ ಮುಗ್ಸಬೇಕು.”

“ಪದ್ಮಾಕ್ಷವ್ವ,” ಎಂದೆ. “ನಾನು ಸುಳ್ಳೇಳ್ದೆ. ಹಂಚು ಸೋರೋದೆಲ್ಲ ಎಂದೋ ಮುಗೀತು. ಅವ್ರದು ಇವತ್ತೇ ಕೊನೇ ದಿನ. ಊಟದ್ ಹೊತ್ಗೆ ಮುಗುದ್ಬುಡ್ತದೆ. ಈಗ್ಲೇ ಬಿಚ್ಚು.”

ಮಾದೇವಿ ನನ್ನನ್ನು ನೋಡಿದಳು. “ದೊಡ್ಡವ್ವ, ನಿಂಗೆ ಗೊತ್ತಿತ್ತಾ?” ಎಂದಳು. ಅಷ್ಟೇ ಕೇಳಿದ್ದು. ಅದಕ್ಕಿಂತ ಅವಳು ಎರಡು ಬಾರಿಸಿದ್ದರೆ ಚೆನ್ನಾಗಿರುತ್ತಿತ್ತು.

ಓಡುವ ವಯಸ್ಸಲ್ಲ, ಆದರೂ ಓಡಿದೆವು. ಐದನೇ ಗೂಡಿನ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ, ಬಿಚ್ಚುವ ಪ್ರೋಗ್ರಾಮಿನ ಹೊಸ ಕಾವಲನ್ನು ಅಷ್ಟು ಹೊತ್ತಿಗೆ ತೆಗೆದು, ಪೊಟ್ಟಣ ಇಟ್ಟರು. ಆರರಲ್ಲಿ ಜವರಮ್ಮ. ಏಳರಲ್ಲಿ ನಾನು, ಹಲಗೆಯ ಸಂದಿಯಲ್ಲಿ ಅವಳ ಕೈ ಹಿಡಿದುಕೊಂಡು. ಅವಳ ಬಾಯಿಂದ ನಮ್ಮವರು ನಿಧಾನವಾಗಿ, ಉಸಿರು ಎಳೆದುಕೊಂಡು ಮಾತಾಡುತ್ತಿದ್ದರು. “ಯಾಕೋ ಕೈ ಜೋಮು ಹಿಡೀತಾ ಅದೆ. ಅವ್ಳು ಬರ್ಲಿ. ಬಂದ್ಮ್ಯಾಲೆ ಅವ್ಳಿಗೆ—”

ಪೊಟ್ಟಣ ಬಿಚ್ಚಿತು. ಮರದೊಳಗೆ ಇರುವೆ ಸಾಲು ಹರಿಯಿತು. ಜವರಮ್ಮನ ಕೈ ಕಬ್ಬಿಣದ ಹಾಗೆ ಬಿಗಿಯಿತು. ಬಂದ ಮೇಲೆ ನನಗೆ ಏನು ಹೇಳಬೇಕೆಂದಿದ್ದರೋ ಅದು ಅಲ್ಲೇ ಅಳಿಸಿಹೋಗುತ್ತಿರುವುದು ಆ ಕೈಯಿಂದ ನನ್ನ ಕೈಗೆ ತಿಳಿಯುತ್ತಿತ್ತು. ನಾನು ಬಿಡಲಿಲ್ಲ.

ಸದ್ದು ನಿಂತಿತು. ನನ್ನ ಬಾಯಿಗೆ ಏನೂ ಬರಲಿಲ್ಲ. ಆಚೆಯಿಂದ ಜವರಮ್ಮ, ಅವಳದೇ ಸಣ್ಣ ಗಂಟಲಲ್ಲಿ, “ಮಾದೇವಿ,” ಎಂದಳು. ಮಗಳು ಹಲಗೆ ಒದ್ದುಕೊಂಡು ಒಳಗೆ ಹೋದಳು.

ಪದ್ಮಾಕ್ಷಮ್ಮ ಕಂಪ್ಯೂಟರಿನ ಅಂಕಿಯನ್ನು ಎರಡು ಸಲ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಅಜ್ಜಿ, ನಿಮ್ಮ ಯಜಮಾನರದು ಅರವತ್ತೈದು ಸಾವಿರದ ಐನೂರ ಮೂವತ್ತಾರು ಹೋಗಿ ಕೂತಿತ್ತು. ಒಂದು ಪೊಟ್ಟಣದಲ್ಲಿ ಹಿಡಿಯೋದು ಅದಕ್ಕಿಂತ ಒಂದು ಕಮ್ಮಿ. ಮೊದಲಿಂದ ಅಳಿಸ್ಕೊಂಡು ಬಂದು, ಕಟ್ಟಕಡೇದು ಒಂದು ಉಳ್ಕೊಂಡಿದೆ. ಒಂದೇ ಮಾತು. ಗೋಡೆಯಲ್ಲಿರೋದರಲ್ಲಿ ಒಂದು ತಂದು ಅದನ್ನೂ ಅಳಿಸ್ಬಹುದು. ಜವರಮ್ಮ ಹೇಳ್ಬೇಕು.”

ನಾನು ಬಾಯಿ ತೆರೆಯಲಿಲ್ಲ. ನನ್ನ ಜೀವಮಾನದಲ್ಲಿ ಅದೊಂದು ಸಲ.

ಜವರಮ್ಮ ಮಗಳ ಹೆಗಲ ಮೇಲಿಂದ ನನ್ನನ್ನು ನೋಡಿದಳು. “ಇರ್ಲಿ ಬುಡಿ,” ಎಂದಳು. “ಒಂದ್ ಮಾತ್ಗೆ ಜಾಗ ಅದೆ.”

ಈಗ ಎರಡು ವರ್ಷವಾಯಿತು. ದುಂಡಪ್ಪನ ಅತ್ತೆಯನ್ನು ಊರ ಹೊರಗೆ ಬಯಲಿನಲ್ಲಿ ಬಿಚ್ಚಿದರು, ಮೂರು ದಿನ ಹಿಡಿಯಿತು. ನಾನು ಸಾಣೆ ಚಕ್ರದ ಮೇಲೆ ಬಟ್ಟೆ ಹಾಕುವುದನ್ನು ಬಿಟ್ಟಿದ್ದೇನೆ. ಜವರಮ್ಮ ಈಗ ಮಧ್ಯಾಹ್ನ ನನಗೆ ಕೇಳುವ ಹಾಗೆ ಗೋಡೆ ತಟ್ಟಿ ಕರೆಯುತ್ತಾಳೆ. ಮೊದಲು ಆ ಕಡೆಯಿಂದ ಗಂಡಸಿನ ಗಂಟಲು, ಉಸಿರಿಲ್ಲದೆ, ಬಾಗಿಲ ಕಡೆ ತಿರುಗಿ ಕರೆದ ಹಾಗೆ, “ಏನೇ,” ಎನ್ನುತ್ತದೆ. ಅದರ ಹಿಂದೆಯೇ ಜವರಮ್ಮ, “ಉಂಡ್ಯಾ ಅಕ್ಕ?” ಎನ್ನುತ್ತಾಳೆ.

ನಾನು ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುತ್ತೇನೆ. ಮೊದಲನೆಯದಕ್ಕೆ, “ಬಂದೆ.” ಎರಡನೆಯದಕ್ಕೆ, “ಉಂಡೆ.”